ಹಾಸಿಗೆಗೊಂದು ಪರಿಮಾಣ

ಶ್ರಾವಕಾಚಾರದ ಮಾತು ಬಂದಾಗ ಮೊದಲು ಚರ್ಚೆಗೆ ಒದಗುವುದು ಆಹಾರ. ರಾತ್ರಿಭೋಜನದ ತ್ಯಾಗ, ಕಂದಮೂಲಗಳ ವರ್ಜನೆ, ನೀರನ್ನು ಸೋಸಿ ಬಳಸುವ ಕ್ರಮ ಇವುಗಳ ಬಗೆಗೆ ಪ್ರತಿಯೊಂದು ಜೈನ ಮನೆಯಲ್ಲಿಯೂ ಒಂದು ನಿಲುವು ಇದ್ದೇ ಇರುತ್ತದೆ. ಪಾಲನೆಯಲ್ಲಿ ಶೈಥಿಲ್ಯ ಬಂದಿದ್ದರೂ ನಿಯಮ ಏನೆಂಬುದು ಮಕ್ಕಳಿಗೂ ಗೊತ್ತು. ಉಡುಪು, ಒಡವೆ, ವಾಹನಗಳ ವಿಚಾರವೂ ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಮನುಷ್ಯ ತನ್ನ ಆಯುಷ್ಯದ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ಕಳೆಯುವ ಹಾಸಿಗೆಯ ಬಗೆಗೆ ಮಾತ್ರ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಅದನ್ನು ಅಂಗಡಿಯವರ ಮಾತಿಗೂ ಜಾಹೀರಾತಿನ ಚಿತ್ರಕ್ಕೂ ಒಪ್ಪಿಸಿಬಿಟ್ಟಂತಾಗಿದೆ.

ಶಾಸ್ತ್ರಕಾರರು ಅದನ್ನು ಹಾಗೆ ಬಿಟ್ಟವರಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನಿಗೆ ಹೇಳುವ ಶೀಲವ್ರತಗಳಲ್ಲಿ ಉಪಭೋಗ-ಪರಿಭೋಗ ಪರಿಮಾಣವೂ ಒಂದು. ಆ ಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದಾಚಾರ್ಯರು ಅನ್ನ, ಪಾನ, ಗಂಧ, ಮಾಲ್ಯ ಮೊದಲಾದವನ್ನು ಉಪಭೋಗವೆಂದೂ, ವಸ್ತ್ರ, ಅಲಂಕಾರ, ಶಯನ, ಆಸನ, ಗೃಹ, ವಾಹನ ಮೊದಲಾದವನ್ನು ಪರಿಭೋಗವೆಂದೂ ವಿಂಗಡಿಸುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇವನ್ನೇ ಭೋಗ, ಉಪಭೋಗ ಎಂಬ ಬೇರೆ ಹೆಸರುಗಳಿಂದ ಕರೆದು, ಒಂದು ದಿನಕ್ಕೋ ಪಕ್ಷಕ್ಕೋ ಮಾಸಕ್ಕೋ ಋತುವಿಗೋ ಕಾಲ ನಿಶ್ಚಯಿಸಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ ಭೋಜನ, ವಾಹನಗಳ ಜೊತೆಯಲ್ಲೇ ಶಯನವನ್ನೂ ಸೇರಿಸಿದ್ದಾರೆ. ಹೆಸರು ಬೇರೆಯಾದರೂ ಆಶಯ ಒಂದೇ. ಮತ್ತೆ ಮತ್ತೆ ಬಳಸುವ ವಸ್ತುವಿನ ಮೇಲೆ ಮೋಹ ಬೆಳೆಯಲು ಹೆಚ್ಚು ಅವಕಾಶವುಂಟು; ಆದ್ದರಿಂದ ಅದಕ್ಕೆ ಅಳತೆ ಬೇಕು.

ಈ ಮಾತುಗಳಿಗೂ ಚಾಮರಾಜನಗರದ ಸೀಮೆಗೂ ಹಳೆಯ ನಂಟಿದೆ. ಪೂಜ್ಯಪಾದರು ತಪಗೈದ ಕ್ಷೇತ್ರವೆಂದು ಪರಂಪರೆ ನಂಬಿಕೊಂಡು ಬಂದಿರುವ ಕನಕಗಿರಿ ಇರುವುದು ಈ ತಾಲ್ಲೂಕಿನ ಮಲೆಯೂರಿನಲ್ಲಿ. 1818ರಲ್ಲಿ ಚಾಮರಾಜನಗರವೆಂಬ ಹೆಸರು ಪಡೆಯುವುದಕ್ಕೆ ಮೊದಲು ಅರಿಕುಠಾರವಾಗಿದ್ದ ಊರಿನಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಇಂಥ ನೆಲದಲ್ಲಿರುವ ಶ್ರಾವಕ ಕುಟುಂಬಗಳೂ ಯಾತ್ರಿಕರಿಗೆ ತಂಗಲು ಕೋಣೆ ಒದಗಿಸುವ ಬಸದಿ ಟ್ರಸ್ಟುಗಳೂ ಇಂದು ಎದುರಿಸುತ್ತಿರುವ ಒಂದು ಸರಳ ಪ್ರಶ್ನೆ ಇದು: ಹಳೆಯ ಹಾಸಿಗೆ ಹೋದ ಮೇಲೆ ಹೊಸದಾಗಿ ಯಾವುದನ್ನು ತರಬೇಕು?

ಮುನಿಯ ನಾಲ್ಕು ಹಾಸುಗಳು

ಉತ್ತರವನ್ನು ಹುಡುಕುವ ಮೊದಲು ಮುನಿಗಳ ಶಯನವನ್ನು ನೋಡಬೇಕು. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕ್ಷಿತಿಶಯನ, ಎಂದರೆ ನೆಲದ ಮೇಲೆ ಮಲಗುವುದು, ಒಂದು. ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಶಯ್ಯಾ ಪರೀಷಹವೂ ಸೇರಿದೆ. ಸಲ್ಲೇಖನದ ಸಂದರ್ಭದಲ್ಲಿ ಕ್ಷಪಕನಿಗೆ ಹಾಸಬಹುದಾದ ಸಂಸ್ತರ ನಾಲ್ಕು ವಿಧವೆಂದು ಭಗವತೀ ಆರಾಧನೆ ಹೇಳುತ್ತದೆ: ಭೂಮಿ, ಶಿಲೆ, ಮರದ ಹಲಗೆ, ಹುಲ್ಲು. ಶ್ವೇತಾಂಬರ ಸಾಧುಗಳು ಉಣ್ಣೆಯ ಸಂಥಾರಿಯದ ಮೇಲೆ ಹತ್ತಿಯ ವಸ್ತ್ರ ಹಾಸಿ ಮಲಗುತ್ತಾರೆ. ಸಂಪ್ರದಾಯಗಳಲ್ಲಿ ಈ ವ್ಯತ್ಯಾಸವಿದ್ದರೂ ಇವೆಲ್ಲಕ್ಕೂ ಸಮಾನವಾದ ಲಕ್ಷಣಗಳು ಕೆಲವುಂಟು.

ಮೊದಲನೆಯದು, ಆ ಹಾಸಿಗಾಗಿ ಯಾವ ತ್ರಸಜೀವವನ್ನೂ ಕೊಂದಿಲ್ಲ. ಎರಡನೆಯದು, ಮಲಗುವ ಮೊದಲು ಅದನ್ನು ಪೂರ್ತಿಯಾಗಿ ನೋಡಬಹುದು, ಮೃದುವಾಗಿ ಒರೆಸಬಹುದು. ಕಣ್ಣಿಗೆ ಕಾಣದ ಒಳಭಾಗ ಅದಕ್ಕಿಲ್ಲ, ಅಥವಾ ಬಿಡಿಸಿ ನೋಡಲು ಬರುತ್ತದೆ. ಮೂರನೆಯದು, ಬಳಕೆ ಮುಗಿದ ಮೇಲೆ ಅದು ಮಣ್ಣಿಗೆ ಮರಳುತ್ತದೆ, ಇಲ್ಲವೆ ಇದ್ದಲ್ಲೇ ಉಳಿಯುತ್ತದೆ. ನಾಲ್ಕನೆಯದು, ಅದರ ಮೇಲೆ 'ನನ್ನದು' ಎಂಬ ಭಾವ ಬೇರೂರಲು ಎಡೆ ಕಡಿಮೆ.

ಗೃಹಸ್ಥನು ಶಿಲೆಯ ಮೇಲೆ ಮಲಗಬೇಕೆಂದು ಯಾವ ಆಚಾರ್ಯರೂ ವಿಧಿಸಿಲ್ಲ. ಹೊಲದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ದುಡಿದ ದೇಹಕ್ಕೆ ವಿಶ್ರಾಂತಿ ಬೇಕು. ನಿದ್ದೆಗೆಟ್ಟವನಿಗೆ ಬೆಳಗಿನ ಸಾಮಾಯಿಕದಲ್ಲಿ ಮನಸ್ಸು ನಿಲ್ಲುವುದೂ ಕಷ್ಟ. ಆದರೆ ಮುನಿಯ ಹಾಸಿನಲ್ಲಿ ಕಾಣುವ ಈ ನಾಲ್ಕು ಲಕ್ಷಣಗಳನ್ನು ಗೃಹಸ್ಥನು ತನ್ನ ಹಾಸಿಗೆಯ ಪರೀಕ್ಷೆಗೆ ಬಳಸಿಕೊಳ್ಳಬಹುದು. ಮಹಾವ್ರತಕ್ಕೂ ಅಣುವ್ರತಕ್ಕೂ ಇರುವ ಅಂತರ ಪ್ರಮಾಣದ್ದೇ ಹೊರತು ದಿಕ್ಕಿನದಲ್ಲ. ಮೆತ್ತಗಿದೆಯೇ, ಎಷ್ಟು ವರ್ಷದ ಖಾತರಿ ಇದೆ, ಕಂತಿನಲ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆಗಳ ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಿದರೆ ಅಂಗಡಿಯಲ್ಲಿನ ಆಯ್ಕೆಯ ಸ್ವರೂಪವೇ ಬೇರೆಯಾಗುತ್ತದೆ.

ಹಿಂಜಿದ ಹತ್ತಿಯಿಂದ ಫೋಮಿನವರೆಗೆ

ಚಾಮರಾಜನಗರ, ಗುಂಡ್ಲುಪೇಟೆಗಳ ಮನೆಗಳಲ್ಲಿ ಒಂದು ಕಾಲಕ್ಕೆ ದಿನನಿತ್ಯದ ಹಾಸು ಎಂದರೆ ಚಾಪೆ, ಜಮಖಾನ, ಕಂಬಳಿ. ಹತ್ತಿಯ ಹಾಸಿಗೆ ಹಿರಿಯರಿಗೆ, ಬಾಣಂತಿಯರಿಗೆ, ರೋಗಿಗಳಿಗೆ, ಮನೆಗೆ ಬಂದ ಅಳಿಯನಿಗೆ ಮೀಸಲು. ಆ ಹಾಸಿಗೆಯನ್ನು ಸಿದ್ಧಪಡಿಸುತ್ತಿದ್ದವರು ಪಿಂಜಾರರು. ದೊಡ್ಡ ಬಿಲ್ಲಿನ ತಂತಿಯನ್ನು ಮೀಟಿ ಅರಳೆಯನ್ನು ಹಿಂಜಿ, ದಪ್ಪ ಬಟ್ಟೆಯ ಗವಸಿನೊಳಗೆ ಸಮನಾಗಿ ತುಂಬಿ, ಅಲ್ಲಲ್ಲಿ ಟಾಕೆ ಹಾಕಿ ಹೊಲಿಯುತ್ತಿದ್ದರು. ಕೆಲವು ವರ್ಷಗಳಲ್ಲಿ ಹತ್ತಿ ಗಂಟುಕಟ್ಟಿ ಹಾಸಿಗೆ ಗಟ್ಟಿಯಾದಾಗ ಅದನ್ನೇ ಬಿಚ್ಚಿ, ಬಿಸಿಲಿಗೆ ಹರವಿ, ಮತ್ತೆ ಹಿಂಜಿ, ಬೇಕಾದರೆ ಸ್ವಲ್ಪ ಹೊಸ ಅರಳೆ ಸೇರಿಸಿ, ಹೊಸ ಗವಸಿಗೆ ತುಂಬುತ್ತಿದ್ದರು. ಅಜ್ಜನ ಹಾಸಿಗೆಯ ಹತ್ತಿ ಮೊಮ್ಮಗನ ದಿಂಬಿಗೆ ಬರುತ್ತಿತ್ತು. ಹಾಸಿಗೆಯನ್ನು ಎಸೆಯುವುದೆಂಬ ಕಲ್ಪನೆಯೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಬದಲಾವಣೆ ಹಂತಹಂತವಾಗಿ ಬಂದಿತು. ರಬ್ಬರ್ ಹಾಲಿನಿಂದ ನೊರೆಹಾಸು ತಯಾರಿಸುವ ವಿಧಾನವನ್ನು ಇಂಗ್ಲೆಂಡಿನ ಡನ್‌ಲಪ್ ಕಂಪನಿಯವರು 1929ರ ಸುಮಾರಿಗೆ ರೂಪಿಸಿದರು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರಿಥೇನ್ ರಸಾಯನದ ಮಾರ್ಗ ಕಂಡುಹಿಡಿದರು. ಇಂದು 'ಫೋಮ್' ಎಂದು ಮಾರಾಟವಾಗುವ ಹಾಸಿಗೆಗಳಲ್ಲಿ ಬಹುಪಾಲು ಅದರ ಸಂತಾನ. ಒತ್ತಿದ ಆಕಾರವನ್ನು ಸ್ವಲ್ಪ ಹೊತ್ತು ಉಳಿಸಿಕೊಳ್ಳುವ ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಾಗಿ ವಿಮಾನದ ಆಸನಗಳ ಉದ್ದೇಶದಿಂದ ಹುಟ್ಟಿತು. ಕರ್ನಾಟಕದಲ್ಲಿ 1962ರಲ್ಲಿ ಮಣಿಪಾಲದ ಪೈ ಮನೆತನದವರ ಸಾಹಸದಿಂದ ಆರಂಭವಾದ ಕರ್ಲಾನ್, ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ ಹಾಸಿಗೆಯನ್ನು ಮನೆಮಾತಾಗಿಸಿತು. ಅದೇ ಕಂಪನಿ 2023ರಲ್ಲಿ ಫೋಮ್ ಉದ್ಯಮದ ಶೀಲಾ ಫೋಮ್ ಸಂಸ್ಥೆಯ ಕೈಸೇರಿದ್ದು ಗ್ರಾಹಕರ ಒಲವು ನಾರಿನಿಂದ ಫೋಮಿನ ಕಡೆಗೆ ಸರಿದುದರ ಒಂದು ಗುರುತು. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೇಕ್‌ಫಿಟ್‌ನಂಥ ಸಂಸ್ಥೆಗಳು ಫೋಮನ್ನು ಅದುಮಿ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮನೆಯ ಬಾಗಿಲಿಗೇ ಕಳಿಸುವ ಪದ್ಧತಿಯನ್ನು ಹರಡಿದವು. ನೂರು ರಾತ್ರಿ ಮಲಗಿ ನೋಡಿ, ಹಿಡಿಸದಿದ್ದರೆ ಹಿಂತಿರುಗಿಸಿ ಎಂಬ ಕೊಡುಗೆಯೂ ಅದರೊಂದಿಗೆ ಬಂದಿತು. ಇದಕ್ಕಾಗಿ ಗುಂಡ್ಲುಪೇಟೆಯ ಗ್ರಾಹಕ ಮೈಸೂರಿಗೂ ಹೋಗಬೇಕಾಗಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಿರಿಯರ ಮಾತು. ಅಲ್ಲಿ ಹಾಸಿಗೆಯೇ ಮಿತಿ; ಕಾಲು ಅದಕ್ಕೆ ಹೊಂದಿಕೊಳ್ಳಬೇಕು. ಇಂದಿನ ಮಾರುಕಟ್ಟೆ ಕಾಲಿನ ಆಸೆಗೆ ತಕ್ಕಂತೆ ಹಾಸಿಗೆಯನ್ನು ಹಿಗ್ಗಿಸುತ್ತದೆ, ಹಿಗ್ಗಿಸಲು ಸಾಲವನ್ನೂ ಕೊಡುತ್ತದೆ.

ಅಹಿಂಸೆಯ ತಕ್ಕಡಿಯಲ್ಲಿ

ಮೊದಲ ಪ್ರಶ್ನೆ ಜೀವವಧೆಯದು. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಮನೆವಾರ್ತೆ, ಕೃಷಿ, ಉದ್ಯೋಗಗಳಲ್ಲಿ ತಪ್ಪಿಸಲಾಗದೆ ಆಗುವುದನ್ನು ಅವನು ಕಡಿಮೆ ಮಾಡಬೇಕು. ತಿಳಿದೂ ತಿಳಿದೂ ತ್ರಸಜೀವವನ್ನು ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು.

ಈ ಅಳತೆಗೆ ರೇಷ್ಮೆ ಮೊದಲು ಸಿಕ್ಕುತ್ತದೆ. ಚಾಮರಾಜನಗರ ಜಿಲ್ಲೆ ಹಿಪ್ಪುನೇರಳೆಯ ಸೀಮೆ. ಕೊಳ್ಳೇಗಾಲದ ರೇಷ್ಮೆಗೆ ನಾಡಿನಲ್ಲೆಲ್ಲ ಹೆಸರಿದೆ. ಮದುವೆಯ ಮಂಚಕ್ಕೆ ರೇಷ್ಮೆಯ ಮೇಲುಹಾಸು, ರೇಷ್ಮೆಯ ಎಳೆ ತುಂಬಿದ ರಜಾಯಿ ಸಿರಿವಂತಿಕೆಯ ಗುರುತಾಗಿ ಮಾರಾಟವಾಗುತ್ತವೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 6ರಿಂದ 7 ಕಿಲೋ ಗೂಡು ಬೇಕಾಗುತ್ತದೆ. ಒಂದೊಂದು ಗೂಡಿನ ತೂಕ ಸಾಮಾನ್ಯವಾಗಿ ಎರಡು ಗ್ರಾಂ ಒಳಗೆ. ಎಂದರೆ ಆ ಒಂದು ಕಿಲೋ ನೂಲಿನ ಹಿಂದೆ ಮೂರು ಸಾವಿರಕ್ಕೂ ಮಿಕ್ಕಿ ಜೀವಗಳಿವೆ. ಪತಂಗ ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗುವುದರಿಂದ ಒಳಗಿರುವ ಕೋಶವನ್ನು ಬಿಸಿಯಲ್ಲಿ ಕೊಲ್ಲಲಾಗುತ್ತದೆ. ಇಲ್ಲಿ ವಧೆ ಆಕಸ್ಮಿಕವಲ್ಲ, ಅದು ತಯಾರಿಕೆಯ ಒಂದು ಹಂತ. ಪತಂಗ ಹೊರಬಂದ ಮೇಲಿನ ಗೂಡಿನಿಂದ ನೂಲು ತೆಗೆಯುವ 'ಅಹಿಂಸಾ ರೇಷ್ಮೆ'ಯ ಪ್ರಯತ್ನವನ್ನು ಹೈದರಾಬಾದಿನ ಕುಸುಮ ರಾಜಯ್ಯನವರು ಪ್ರಸಿದ್ಧಿಗೆ ತಂದರು; ಅದು ಗೌರವಾರ್ಹವಾದ ಪ್ರಯತ್ನ. ಆದರೆ ಸಾವಿರಾರು ವರ್ಷಗಳ ಸಾಕಣೆಯಿಂದ ಹಾರಲಾರದಂತಾಗಿರುವ ಆ ಪತಂಗ ಕೆಲವೇ ದಿನ ಬದುಕಿ, ನೂರಾರು ಮೊಟ್ಟೆಯಿಟ್ಟು ಸಾಯುತ್ತದೆ. ಆ ಮರಿಗಳನ್ನೆಲ್ಲ ಸಾಕುವವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹಕ್ಕಿಯ ಪುಕ್ಕ ತುಂಬಿದ ದಿಂಬು, ಹೊದಿಕೆಗಳು ಇದೇ ವರ್ಗಕ್ಕೆ ಸೇರಿದವು. ದಿಗಂಬರ ಮುನಿಯ ಪಿಂಛಿಯಲ್ಲಿಯೂ ಗರಿಯಿದೆಯಲ್ಲ ಎಂದು ಕೆಲವರು ಕೇಳಬಹುದು. ನವಿಲು ತಾನಾಗಿ ಉದುರಿಸಿದ ಗರಿಗೂ, ಮಾಂಸಕ್ಕಾಗಿ ಕೊಂದ ಬಾತಿನಿಂದ ಕಿತ್ತ ಪುಕ್ಕಕ್ಕೂ ಇರುವ ಭೇದವನ್ನು ವಿವರಿಸಬೇಕಾಗಿಲ್ಲ. ಕುರಿಯ ಉಣ್ಣೆ ಇವೆರಡರ ನಡುವಿನದು. ಕತ್ತರಿಸುವ ಕ್ರಿಯೆಯಲ್ಲಿ ಪ್ರಾಣ ಹೋಗುವುದಿಲ್ಲ. ಆದರೆ ಆ ಕುರಿಯ ಮುಂದಿನ ಗತಿಯನ್ನು ಮರೆತು ಕಂಬಳಿ ಕೊಳ್ಳುವುದೂ ಸರಿಯಲ್ಲ.

ಹತ್ತಿ ಗಿಡದಿಂದ ಬರುವುದಾದರೂ ಅದು ನಿರ್ದೋಷಿಯಲ್ಲ. ಕಾಯಿಕೊರಕ ಹುಳುವಿಗೆ ಹೊಡೆಯುವ ಔಷಧಿಯಿಂದ ಹೊಲದಲ್ಲಿ ಸಾಯುವ ಜೀವಗಳಿಗೆ ಲೆಕ್ಕವಿಲ್ಲ. ಸಿಂಪಡಿಸುವ ಕೂಲಿಯವನ ದೇಹವೂ ಅದರ ಪಾಲು ಉಣ್ಣುತ್ತದೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಆ ಸಿಂಪಡಣೆ ಕೆಲಕಾಲ ಇಳಿದರೂ ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಕೊಂಡು ಮರಳಿ ಬಂದಿತು. ಇದು ಉದ್ಯೋಗಿ ಹಿಂಸೆ. ಇದರ ಹೊರೆಯನ್ನು ಗ್ರಾಹಕ ಕಡಿಮೆ ಮಾಡುವ ಒಂದು ಮಾರ್ಗವುಂಟು. ಒಬ್ಬರ ಹಾಸಿಗೆಗೆ ಸಾಮಾನ್ಯವಾಗಿ 8ರಿಂದ 10 ಕಿಲೋ ಹತ್ತಿ ಹಿಡಿಯುತ್ತದೆ. ಆ ಹತ್ತಿಯನ್ನು ಮತ್ತೆ ಮತ್ತೆ ಹಿಂಜಿಸಿ ಮೂವತ್ತು ವರ್ಷ ಬಳಸಿದ ಮನೆ, ಒಮ್ಮೆ ನಡೆದ ಹಿಂಸೆಯನ್ನು ಮೂವತ್ತು ವರ್ಷಕ್ಕೆ ಹಂಚಿತು. ಎಂಟು ವರ್ಷಕ್ಕೆ ಎಸೆದು ಹೊಸದನ್ನು ತಂದ ಮನೆ ಅದೇ ಅವಧಿಯಲ್ಲಿ ನಾಲ್ಕು ಸಲ ಕೊಂಡಂತಾಯಿತು.

ಬೂರುಗದ ಹತ್ತಿಯನ್ನು ಇಂದು ಬಹುತೇಕ ಮನೆಗಳು ಮರೆತಿವೆ. ಹೊಲದ ಬದುವಿನಲ್ಲಿ ನಿಂತ ಬಿಳಿ ಬೂರುಗಕ್ಕೆ ಔಷಧಿ ಹೊಡೆಯುವವರಿಲ್ಲ. ಬೇಸಿಗೆಯಲ್ಲಿ ಕಾಯಿ ಬಿರಿದಾಗ ಅರಳೆ ಸಿಗುತ್ತದೆ. ಎಳೆ ಟೊಳ್ಳಾದುದರಿಂದ ಅದು ಬಲು ಹಗುರ, ನೀರನ್ನು ಬೇಗ ಹೀರುವುದಿಲ್ಲ. ನೂಲಲು ಬಾರದಿದ್ದರೂ ದಿಂಬಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ರಾತ್ರಿ ಅರಳುವ ಅದರ ಹೂವಿಗೆ ಬಾವಲಿಗಳು ಬರುತ್ತವೆ. ಮರ ಉಳಿದರೆ ಅವುಗಳ ಆಹಾರವೂ ಉಳಿಯುತ್ತದೆ. ಆದರೆ ಅದು ಬಹುಬೇಗ ಬೆಂಕಿ ಹಿಡಿಯುತ್ತದೆಂಬುದನ್ನು ದೀಪ ಹಚ್ಚುವ ಮನೆಗಳು ನೆನಪಿಡಬೇಕು.

ತೆಂಗಿನ ನಾರು ಕಾಯಿಯ ಬಳಕೆಯ ನಂತರ ಉಳಿಯುವ ಸಿಪ್ಪೆಯಿಂದ ಬರುವಂಥದು; ಅದಕ್ಕಾಗಿ ಪ್ರತ್ಯೇಕ ಬೆಳೆ ಬೇಕಿಲ್ಲ. ರಬ್ಬರ್ ಮರದಿಂದ ಹಾಲು ತೆಗೆದರೂ ಮರ ಹಲವು ವರ್ಷ ಬದುಕುತ್ತದೆ. ಕಾಡನ್ನು ಕಡಿದು ರಬ್ಬರ್ ತೋಟ ಮಾಡಿದಲ್ಲಿ ಮಾತ್ರ ಲೆಕ್ಕ ಬೇರೆ. ಇನ್ನು ಫೋಮ್. ಅದು ಕಲ್ಲೆಣ್ಣೆಯ ಮೂಲದ್ದು. ಅದರ ತಯಾರಿಕೆಗೆ ಯಾವ ಪ್ರಾಣಿಯನ್ನೂ ಕೊಲ್ಲಬೇಕಾಗಿಲ್ಲ. ಆದ್ದರಿಂದಲೇ 'ಪ್ರಾಣಿಜನ್ಯವಲ್ಲದ ಹಾಸಿಗೆ' ಎಂಬ ಹೊಗಳಿಕೆ ಅದಕ್ಕೆ ಸಲ್ಲುತ್ತದೆ. ಮೊದಲ ಪ್ರಶ್ನೆಯಲ್ಲಿ ಫೋಮ್ ಗೆದ್ದಿತೆಂದೇ ಒಪ್ಪಬೇಕು. ಆದರೆ ಪ್ರಶ್ನೆ ಒಂದೇ ಅಲ್ಲ.

ಬಿಚ್ಚಿ ನೋಡಬಹುದಾದದ್ದು, ಮಣ್ಣಿಗೆ ಮರಳುವಂಥದು

ಪ್ರೋಷಧೋಪವಾಸ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರ, ನೋಡದೆ ಒರೆಸದೆ ಸಂಸ್ತರವನ್ನು ಹಾಸುವುದನ್ನೂ ಒಂದು ದೋಷವಾಗಿ ಎಣಿಸುತ್ತದೆ. ಇಷ್ಟು ಸಣ್ಣ ಕ್ರಿಯೆಯನ್ನು ಸೂತ್ರಕಾರರು ಏಕೆ ಗಮನಿಸಿದರು? ಹಾಸಿಗೆ ಜೀವಗಳ ನೆಲೆಯಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ಬೆವರು, ಚರ್ಮದ ಹೊಟ್ಟು, ತೇವ ಸೇರಿದಲ್ಲಿ ಧೂಳಿನ ನುಸಿ ಬೆಳೆಯುತ್ತದೆ. ಹೊಲಿಗೆಯ ಸಂದಿಯಲ್ಲಿ, ಮಂಚದ ಬಿರುಕಿನಲ್ಲಿ ತಿಗಣೆ ಸೇರುತ್ತದೆ. ಬೆಳೆದ ಮೇಲೆ ವಿಷ ಸಿಂಪಡಿಸಿ ಕೊಲ್ಲುವುದಕ್ಕಿಂತ ಬೆಳೆಯದಂತೆ ಎಚ್ಚರವಹಿಸುವುದೇ ಯತ್ನಾಚಾರ. ಹದಿನೈದು ಪ್ರಮಾದಗಳಲ್ಲಿ ನಿದ್ರೆಯೂ ಒಂದು. ನಿದ್ರೆಯ ಸಾಧನವಾದ ಹಾಸಿಗೆಯ ವಿಷಯದಲ್ಲಿ ಪ್ರಮಾದ ಸೇರಿದರೆ ದೋಷ ಇಮ್ಮಡಿಯಾಗುತ್ತದೆ.

ಹತ್ತಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಕೊಡವಿದರೆ ತೇವ ನಿಲ್ಲುವುದಿಲ್ಲ. ಗವಸು ಬಿಚ್ಚಿ ಒಗೆಯಬಹುದು. ಒಳಗಿನದನ್ನು ಕಣ್ಣಾರೆ ನೋಡಬಹುದು. ಅದನ್ನು ಎತ್ತುವುದು ವೃದ್ಧರಿಗೆ ಕಷ್ಟವೆಂಬುದೂ ನಿಜ. ಎಂಟು ಹತ್ತು ಅಂಗುಲ ದಪ್ಪದ ಅಂಟಿಸಿದ ಪದರಗಳ ಫೋಮನ್ನು ಇಬ್ಬರು ಸೇರಿ ಮಹಡಿಗೆ ಒಯ್ದರೂ ಬಿಸಿಲು ಅದಕ್ಕೆ ಒಳ್ಳೆಯದಲ್ಲ. ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಒಳಗೆ ಏನಾಗಿದೆಯೆಂದು ನೋಡುವ ಉಪಾಯವಿಲ್ಲ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಹತ್ತಿ ಹಾಸಿಗೆಯಲ್ಲಿಯೂ ಅರಳೆಯ ಬದಲು ಗಿರಣಿಯ ಕಸ, ಬಣ್ಣದ ಚಿಂದಿ ತುಂಬಿರುವುದುಂಟು. ಆದರೆ ಒಂದು ಬದಿಯ ಹೊಲಿಗೆ ಬಿಚ್ಚಿ ನೋಡಿದರೆ ಅದು ಗೊತ್ತಾಗುತ್ತದೆ. ಪರೀಕ್ಷೆಗೆ ಅವಕಾಶವಿರುವುದೇ ಒಂದು ಗುಣ.

ಮೂರನೆಯ ಪ್ರಶ್ನೆ ವಸ್ತುವಿನ ಅಂತ್ಯದ್ದು. ಹಳೆಯ ಹತ್ತಿ, ನಾರು, ಬೂರುಗ ಇವು ಗೊಬ್ಬರದ ಗುಂಡಿಯಲ್ಲಿ ಕರಗುತ್ತವೆ. ಫೋಮ್ ಕರಗುವುದಿಲ್ಲ. ಕಾರ್ಖಾನೆಯಲ್ಲಿ ಉಳಿದ ಚೂರುಗಳನ್ನು ಅಂಟಿಸಿ ಮತ್ತೆ ಹಾಸಿಗೆ ಮಾಡುವ ಕ್ರಮವುಂಟಾದರೂ, ಊರಿನ ಮನೆಯಲ್ಲಿ ಹತ್ತು ವರ್ಷ ಬಳಸಿ ಎಸೆದ ಫೋಮನ್ನು ಅಲ್ಲಿಯವರೆಗೆ ಒಯ್ಯುವವರು ವಿರಳ. ಅದು ಕೆರೆಯ ಏರಿಯ ಮೇಲೋ ಹೊಲದ ಅಂಚಿನಲ್ಲೋ ಬಿದ್ದು ಚೂರುಚೂರಾಗುತ್ತದೆ, ಇಲ್ಲವೆ ಬೆಂಕಿಗೆ ಹೋಗುತ್ತದೆ. ಪಾಲಿಯುರಿಥೇನ್ ಸುಟ್ಟ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಮಾತ್ರವಲ್ಲ, ಹೈಡ್ರೊಜನ್ ಸಯನೈಡ್ ಕೂಡ ಇರುತ್ತದೆ. ಕೊಳ್ಳುವ ಹೊತ್ತಿಗೆ ಕಾಣದ ಹಿಂಸೆ ಎಸೆಯುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹಿಂಸೆಯ ಲೆಕ್ಕವನ್ನು ಅಂಗಡಿಯ ಬಾಗಿಲಿನಲ್ಲಿಯೇ ಮುಗಿಸಿಬಿಡುವುದು ಜೈನ ದೃಷ್ಟಿಗೆ ಒಪ್ಪುವಂಥದಲ್ಲ.

ಎದುರು ಮಾತುಗಳು

ಇಲ್ಲಿ ಎದ್ದು ನಿಲ್ಲುವ ಆಕ್ಷೇಪಗಳನ್ನು ಬದಿಗೆ ತಳ್ಳಲಾಗದು. ಮೊದಲನೆಯದು ದೇಹದ್ದು. ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸ್ಪೇನಿನಲ್ಲಿ ದೀರ್ಘಕಾಲದ ಸೊಂಟನೋವಿದ್ದ 313 ಜನರ ಮೇಲೆ ನಡೆದು 2003ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ತೀರ ಗಟ್ಟಿಯದಕ್ಕಿಂತ ಮಧ್ಯಮ ಗಡಸಿನ ಹಾಸಿಗೆಯಿಂದಲೇ ನೋವು ಹೆಚ್ಚು ತಗ್ಗಿತೆಂದು ತೋರಿಸಿತು. ಆದ್ದರಿಂದ ಗಂಟುಕಟ್ಟಿದ ಹಳೆಯ ಹಾಸಿಗೆಯ ಮೇಲೆ ವೃದ್ಧ ತಾಯಿಯನ್ನು ಮಲಗಿಸಿ ಅದನ್ನು ಸಂಯಮವೆಂದು ಕರೆಯುವುದು ಅನ್ಯಾಯ. ಹಾಸಿಗೆ ಹಿಡಿದ ರೋಗಿಗೆ ಮೈಹುಣ್ಣಾಗದಂತೆ ವೈದ್ಯರು ಹೇಳಿದ ಹಾಸು ಯಾವುದಾದರೂ ಸರಿ, ತರಲೇಬೇಕು. ಕಾಯಕ್ಲೇಶವೆಂಬ ತಪಸ್ಸನ್ನು ತಾನಾಗಿ ಕೈಗೊಳ್ಳಬಹುದೇ ಹೊರತು ಇನ್ನೊಬ್ಬರ ದೇಹದ ಮೇಲೆ ಹೇರುವಂತಿಲ್ಲ. ಹೇರಿದರೆ ಅದೇ ಹಿಂಸೆ. ಆದರೆ ಅದೇ ಅಧ್ಯಯನದಿಂದ ಇನ್ನೊಂದು ಅರ್ಥವೂ ಹೊರಡುತ್ತದೆ: ಬೇಕಾದದ್ದು ಮಧ್ಯಮ ಗಡಸು. ಚೆನ್ನಾಗಿ ಹಿಂಜಿ ತುಂಬಿದ ಹತ್ತಿಯಿಂದಲೂ ನಾರಿನ ಮೇಲೆ ಹತ್ತಿಯ ಪದರ ಹಾಸುವುದರಿಂದಲೂ ಅದನ್ನು ಪಡೆಯಬಹುದು.

ಎರಡನೆಯದು ಜೀವನೋಪಾಯದ್ದು. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತ ಜೈನನ ನೆರೆಯವನೇ. ಅವನ ಮಕ್ಕಳ ಶಾಲೆಯ ಶುಲ್ಕ ಗೂಡಿನ ಹರಾಜಿನಿಂದ ಬರುತ್ತದೆ. ರೇಷ್ಮೆಯನ್ನು ಬಿಡುವವರು ಅವನನ್ನು ಹೀಗಳೆಯಬಾರದು. ಅವನ ತರಕಾರಿ, ತೆಂಗು, ಅರಿಸಿನಗಳನ್ನು ಕೊಳ್ಳುವ ಕೈಗಳೂ ಇವೇ ಆಗಬೇಕು. ಈ ಉತ್ತರದಿಂದ ಅವನ ನಷ್ಟ ತುಂಬುತ್ತದೆಂದು ಹೇಳುವಂತಿಲ್ಲ. ಆದರೂ ಸಂಕಲ್ಪಿ ಹಿಂಸೆಯ ವಸ್ತುವನ್ನು ಅನುಕಂಪದ ಹೆಸರಿನಲ್ಲಿ ಕೊಂಡರೆ ವ್ರತಕ್ಕೆ ಅರ್ಥವೇ ಉಳಿಯುವುದಿಲ್ಲ. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು ಬರುತ್ತದೆ. ರೇಷ್ಮೆಯ ರಜಾಯಿ ಬೇಡವೆಂದವರು ಅಭಿಷೇಕಕ್ಕೆ ಮಡಿಯೆಂದು ರೇಷ್ಮೆಯನ್ನೇ ಉಟ್ಟು ನಿಲ್ಲುವುದಾದರೆ ಆ ತ್ಯಾಗ ಎಷ್ಟರದು? ಅನೇಕ ಕುಟುಂಬಗಳು ಈಗಾಗಲೇ ಒಗೆದ ಹತ್ತಿ ವಸ್ತ್ರಕ್ಕೆ ಬಂದಿವೆ. ಉಳಿದವರು ಈ ಪ್ರಶ್ನೆಯನ್ನು ಮನೆಯೊಳಗೇ ಎತ್ತಿಕೊಳ್ಳುವುದು ಒಳಿತು.

ಪಿಂಜಾರರ ಜೀವನೋಪಾಯವೂ ಇದೇ ತಕ್ಕಡಿಯಲ್ಲಿದೆ. ಫೋಮ್ ಬಂದ ಮೇಲೆ ಬಿಲ್ಲು ಗೂಡಿನಲ್ಲಿ ಉಳಿಯಿತು; ಯಂತ್ರದಲ್ಲಿ ಹಿಂಜುವವರಿಗೂ ಕೆಲಸ ಕಡಿಮೆಯಾಯಿತು. ಒಂದು ಹಾಸಿಗೆಯನ್ನು ಬಿಚ್ಚಿ ಹಿಂಜಿಸಿದರೆ ಕೊಟ್ಟ ಹಣ ಬಹುಪಾಲು ಕೂಲಿಯಾಗಿ ಊರಿನಲ್ಲೇ ಉಳಿಯುತ್ತದೆ. ಹೊಸದನ್ನು ಕೊಂಡರೆ ಅದು ಬಹುಪಾಲು ಹೊರಗೆ ಹೋಗುತ್ತದೆ.

ಮೂರನೆಯ ಆಕ್ಷೇಪ ಕಾಲಧರ್ಮದ್ದು: ಲೋಕವೆಲ್ಲ ಸಾಗುತ್ತಿರುವಾಗ ಒಂದು ಸಮುದಾಯ ಮಿತಿ ಹಾಕಿಕೊಂಡರೆ ಏನಾಗುತ್ತದೆ? ಇದಕ್ಕೆ ಗುಂಡ್ಲುಪೇಟೆಯ ಜನ ದಿನವೂ ಕಾಣುವ ದೃಷ್ಟಾಂತವಿದೆ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡನ್ನು ಸೀಳಿಕೊಂಡು ಹೋಗುತ್ತದೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿರ್ಬಂಧಿಸಲಾಯಿತು. ವ್ಯಾಪಾರಕ್ಕೆ ಅಡಚಣೆಯೆಂಬ ದೂರು ಬಂದಿತು, ನ್ಯಾಯಾಲಯದಲ್ಲಿ ವಾದವೂ ನಡೆಯಿತು. ಸರಕಿನ ಲಾರಿಗಳು ಕೆಲವು ಗಂಟೆ ನಿಂತವು. ಜಿಂಕೆ, ಆನೆಗಳು ಆ ಗಂಟೆಗಳಲ್ಲಿ ದಾಟಿಕೊಂಡವು. ರಸ್ತೆಯನ್ನು ಕಿತ್ತುಹಾಕಲಿಲ್ಲ, ಅದರ ಬಳಕೆಗೆ ಕಾಲದ ಮಿತಿ ಹಾಕಲಾಯಿತು. ಸಮಂತಭದ್ರರು ನಿಯಮವೆಂದು ಕರೆದದ್ದು ಇಂಥ ಕಾಲಬದ್ಧ ಮಿತಿಯನ್ನೇ. ಭೋಗವನ್ನು ಪೂರ್ತಿ ಬಿಡಲಾಗದವನೂ ಅದಕ್ಕೆ ಎಲ್ಲೆ ಕಟ್ಟಬಹುದು.

ಕುಟುಂಬಕ್ಕೆ, ಟ್ರಸ್ಟಿಗೆ

ಕುಟುಂಬದ ಪಾಲಿಗೆ ಪರಿಮಾಣವೆಂದರೆ ಮೊದಲು ಸಂಖ್ಯೆ. ಮನೆಯಲ್ಲಿ ಮಲಗುವವರು ಎಷ್ಟು, ಬರುವ ಅತಿಥಿಗಳಿಗೆ ಎಷ್ಟು ಹಾಸಿಗೆ ಸಾಕು ಎಂದು ಎಣಿಸಿ ಅಲ್ಲಿಗೆ ನಿಲ್ಲಿಸುವುದು. ಹೆಚ್ಚಿನದನ್ನು ಹಾಸಿಗೆಯಿಲ್ಲದವರಿಗೆ ಚೆನ್ನಾಗಿರುವಾಗಲೇ ಕೊಡುವುದು. ಎರಡನೆಯದು ಕಾಲ. ಇರುವುದು ಫೋಮೇ ಆಗಿದ್ದರೂ ಅದನ್ನು ಇಂದೇ ಎಸೆಯುವುದು ಧರ್ಮವಲ್ಲ. ಅದರ ಆಯುಷ್ಯ ಮುಗಿಯುವವರೆಗೆ ಗವಸು ಹಾಕಿ, ಶುಚಿಯಾಗಿಟ್ಟು ಬಳಸಿ, ಬಳಿಕ ಬೇರೆ ಆಯ್ಕೆ ಮಾಡುವುದು ಸರಿ. ಮೂರನೆಯದು ಮದುವೆಯ ಮಂಚ. ಹೆಣ್ಣುಮಗಳ ಮನೆಯವರು ಕೊಡುವ ಹಾಸಿಗೆಯ ದಪ್ಪ, ಬೆಲೆ, ಕಂಪನಿಯ ಹೆಸರುಗಳು ಬಂಧುಗಳ ಮಾತಿಗೆ ವಸ್ತುವಾಗುವುದು ಪರಿಗ್ರಹದ ಪ್ರದರ್ಶನ. ಕೊಡುವವರು ತಮ್ಮ ಶಕ್ತಿಗೆ ತಕ್ಕಂತೆ ಹಿಂಜಿದ ಹತ್ತಿಯ ಹಾಸಿಗೆ ಕೊಟ್ಟರೆ ಅದನ್ನು ಕೀಳೆಂದು ಕಾಣದಿರುವ ಹೊಣೆ ಗಂಡಿನ ಮನೆಯವರದು.

ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು, ಏಕೆಂದರೆ ಅವರು ಕೊಳ್ಳುವುದು ದಾನದ ಹಣದಿಂದ, ಒಮ್ಮೆಗೆ ಹತ್ತಾರು ಹಾಸಿಗೆ. ಯಾತ್ರಿಕನಿಗೆ ಬೇಕಾದದ್ದು ಶುಚಿಯಾದ, ಸಮತಟ್ಟಾದ, ಬೆನ್ನು ನೋಯದ ಹಾಸು. ಅತಿಥಿಗೆ ಕೊಳಕು ಹಾಸಿಗೆ ಕೊಟ್ಟು ಸರಳತೆಯ ಉಪದೇಶ ಮಾಡುವುದು ಟ್ರಸ್ಟಿಗೆ ಶೋಭಿಸದು. ನಾರಿನ ಹಾಸಿನ ಮೇಲೆ ತೆಳುವಾದ ಹತ್ತಿಯ ಹಾಸಿಗೆ, ಅದಕ್ಕೆ ಬಿಚ್ಚಿ ಒಗೆಯಬಹುದಾದ ಎರಡು ಗವಸು, ಎತ್ತಿ ಬಿಸಿಲಿಗೆ ಹಾಕಲು ಆಗುವಷ್ಟು ತೂಕ, ಇಷ್ಟಿದ್ದರೆ ಸಾಕು. ವೃದ್ಧರಿಗೂ ರೋಗಿಗಳಿಗೂ ಮೀಸಲಾದ ಕೆಲವು ಮಂಚಗಳಲ್ಲಿ ಮೃದುವಾದ ಹಾಸು ಇರಲಿ. ಎರಡು ವರ್ಷಕ್ಕೊಮ್ಮೆ ಹಿಂಜಿಸುವ ಖರ್ಚನ್ನು ವಾರ್ಷಿಕ ಆಯವ್ಯಯದಲ್ಲಿಯೇ ಸೇರಿಸಿದರೆ ಹತ್ತು ವರ್ಷಕ್ಕೊಮ್ಮೆ ಹೊಸದಕ್ಕಾಗಿ ದಾನಿಗಳ ಮುಂದೆ ಕೈಯೊಡ್ಡುವ ಪ್ರಮೇಯವಿರುವುದಿಲ್ಲ. ಹಾಸಿಗೆ ದಾನಕ್ಕೆ ಮುಂದಾಗುವ ಶ್ರಾವಕರಿಗೂ, ಹೊಸದನ್ನು ಕೊಡಿಸುವ ಬದಲು ಇರುವುದನ್ನು ಹಿಂಜಿಸಿಕೊಡಿ ಎಂದು ವ್ಯವಸ್ಥಾಪಕರು ಸಂಕೋಚವಿಲ್ಲದೆ ಹೇಳಬಹುದು. ಕೋಣೆಯ ಬಾಗಿಲ ಮೇಲೆ ದಾನಿಯ ಹೆಸರು ಅದಕ್ಕೂ ಬರೆಯಬಹುದಲ್ಲ.

ಪೂರ್ಣ ಅಹಿಂಸೆಯ ಹಾಸಿಗೆ ಎಲ್ಲಿಯೂ ಮಾರಾಟಕ್ಕಿಲ್ಲ. ಹುಲ್ಲಿನ ಹಾಸಿನಲ್ಲಿಯೂ ಏಕೇಂದ್ರಿಯ ಜೀವದ ಬಾಧೆಯಿದೆ. ಆದ್ದರಿಂದ ಶ್ರಾವಕನ ಮುಂದಿರುವ ಆಯ್ಕೆ ದೋಷ ಮತ್ತು ನಿರ್ದೋಷಗಳ ನಡುವಿನದಲ್ಲ. ಹೆಚ್ಚು ಮತ್ತು ಕಡಿಮೆಗಳ ನಡುವಿನದು, ನೋಡುವುದು ಮತ್ತು ನೋಡದಿರುವುದರ ನಡುವಿನದು. ಕೊಳ್ಳುವ ಮೊದಲು ಒಮ್ಮೆ ವಿಚಾರಿಸುವುದು, ಮಲಗುವ ಮೊದಲು ಒಮ್ಮೆ ಕೊಡವಿ ನೋಡುವುದು, ಹಳತಾದಾಗ ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡುವುದು, ಈ ಮೂರು ಅಭ್ಯಾಸಗಳಿಂದ ವ್ರತ ಆರಂಭವಾಗುತ್ತದೆ. ಸಮಂತಭದ್ರರ ಪಟ್ಟಿಯಲ್ಲಿ ಶಯನಕ್ಕೆ ಸ್ಥಾನವಿದೆ. ಪ್ರತಿಯೊಂದು ಮನೆಯ ನಿಯಮಗಳಲ್ಲಿಯೂ ಅದಕ್ಕೆ ಒಂದು ಸಾಲಿನ ಸ್ಥಳ ದೊರೆಯಲಿ.